ಬಾವುಟಗುಡ್ಡೆಯ ಇಟಲಿ ಚಿತ್ರಗಾರ

ಮಂಗಳೂರಿಗೆ ಮೊದಲ ಸಲ ಬಂದ ನೆಂಟರನ್ನು ನಾವು ಕರೆದೊಯ್ಯುವ ಜಾಗಗಳ ಪಟ್ಟಿ ಬಹಳ ವರ್ಷಗಳಿಂದ ಹೆಚ್ಚು ಬದಲಾಗಿಲ್ಲ. ಕದ್ರಿ, ಮಂಗಳಾದೇವಿ, ಕುದ್ರೋಳಿ, ಪಣಂಬೂರಿನ ಕಡಲತೀರ, ಮಕ್ಕಳಿದ್ದರೆ ಪಿಲಿಕುಳ, ಕೊನೆಗೆ ಒಂದು ಗಡ್‌ಬಡ್ ಐಸ್‌ಕ್ರೀಮ್. ಈ ಪಟ್ಟಿಯಲ್ಲಿ ಸಂತ ಅಲೋಶಿಯಸ್ ಚಾಪೆಲ್ ಕೂಡ ಇದೆ. ಆದರೆ ಅಲ್ಲಿ ನಾವು ಕೊಡುವ ಸಮಯ ಹೆಚ್ಚೆಂದರೆ ಹತ್ತು ನಿಮಿಷ. ಒಳಗೆ ಹೋಗಿ, ಕತ್ತೆತ್ತಿ, 'ಅಬ್ಬಾ' ಎಂದು ಹೊರಗೆ ಬಂದುಬಿಡುತ್ತೇವೆ. ಚಿತ್ರ ಬಿಡಿಸಿದವರು ಯಾರು ಎಂದು ಕೇಳಿದರೆ 'ಯಾರೋ ಇಟಲಿಯವರಂತೆ' ಎನ್ನುತ್ತೇವೆ.

ಆ 'ಯಾರೋ ಇಟಲಿಯವರ' ಹೆಸರು ಆಂಟೊನಿಯೊ ಮೊಸ್ಕೇನಿ.

ಚಾಪೆಲ್ ಇರುವುದು ನಗರದ ನಡುವಿನ ಬಾವುಟಗುಡ್ಡೆಯಲ್ಲಿ. ಲೈಟ್‌ಹೌಸ್ ಹಿಲ್ ಎಂಬುದು ಇದರ ಇನ್ನೊಂದು ಹೆಸರು. 1837ರಲ್ಲಿ ಅಮರ ಸುಳ್ಯದ ಕಡೆಯಿಂದ ದಂಡೆತ್ತಿ ಬಂದ ರೈತರು ಬ್ರಿಟಿಷರನ್ನು ಓಡಿಸಿ, ಹದಿಮೂರು ದಿನ ತಮ್ಮ ಬಾವುಟ ಹಾರಿಸಿದ ಗುಡ್ಡೆ ಇದು. ಅವರ ಮುಂದಾಳುಗಳಲ್ಲಿ ಒಬ್ಬರಾದ ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ 2022ರಲ್ಲಿ ಇಲ್ಲೇ ಸ್ಥಾಪನೆಯಾಯಿತು. ಹಂಪನಕಟ್ಟೆಯಿಂದ ಏರು ರಸ್ತೆಯಲ್ಲಿ ನಡೆದರೆ ಉಸಿರು ಸ್ವಲ್ಪ ಹೆಚ್ಚಾಗುವಷ್ಟರಲ್ಲಿ ಕಾಲೇಜಿನ ಕಟ್ಟಡ ಎದುರಾಗುತ್ತದೆ. ಅದರ ಮಗ್ಗುಲಿನಲ್ಲಿಯೇ ಚಾಪೆಲ್. ಹೊರಗಿನಿಂದ ನೋಡಿದರೆ ಒಳಗೆ ಏನಿದೆ ಎಂಬ ಸುಳಿವೇ ಸಿಗದು. ಕರಾವಳಿಯಲ್ಲಿ ಇಂಥ ಹಳೆಯ ಕಟ್ಟಡಗಳು ಇನ್ನೂ ಹಲವು ಇವೆ. ಚಪ್ಪಲಿ ಸದ್ದು ಮಾಡದೆ ಒಳಗೆ ಹೋಗಿ ಒಂದು ಬೆಂಚಿನಲ್ಲಿ ಕುಳಿತುಕೊಳ್ಳಿ. ಬಿಸಿಲಿನಿಂದ ಬಂದ ಕಣ್ಣಿಗೆ ಮೊದಲು ಏನೂ ಸರಿಯಾಗಿ ಕಾಣಿಸುವುದಿಲ್ಲ. ಕಣ್ಣಿನ ಪಾಪೆ ಹಿಗ್ಗಲು ಒಂದೆರಡು ನಿಮಿಷ ಕೊಡಬೇಕು. ಆಮೇಲೆ ಒಂದೊಂದಾಗಿ ಮುಖಗಳು ಮೂಡುತ್ತವೆ. ಬಲಿಪೀಠದ ಗೋಡೆ, ಎರಡು ಪಕ್ಕದ ಗೋಡೆಗಳು, ಹಿಂದಿನ ಗೋಡೆ, ತಲೆಯ ಮೇಲಿನ ಛಾವಣಿ, ಎಲ್ಲಿ ನೋಡಿದರೂ ಚಿತ್ರ. ಖಾಲಿ ಬಿಟ್ಟ ಜಾಗವೆಂದರೆ ನೆಲ ಮಾತ್ರ.

ಇಷ್ಟನ್ನೂ 1899ರಿಂದ 1901ರ ನಡುವೆ, ಸುಮಾರು ಎರಡೂವರೆ ವರ್ಷದಲ್ಲಿ ಮೊಸ್ಕೇನಿ ಬಿಡಿಸಿದರು.

ಮೊಸ್ಕೇನಿ ಹುಟ್ಟಿದ್ದು 1854ರ ಜನವರಿ 17ರಂದು, ಉತ್ತರ ಇಟಲಿಯ ಬೆರ್ಗಮೊ ನಗರದ ಹತ್ತಿರದ ಸ್ಟೆತ್ಸಾನೊ ಎಂಬ ಊರಿನಲ್ಲಿ. ಹುಡುಗನ ಕೈಯಲ್ಲಿ ಚಿತ್ರ ಚೆನ್ನಾಗಿ ಬರುತ್ತದೆ ಎಂಬುದನ್ನು ಗುರುತಿಸಿದವರು ತಂದೆ ತಾಯಿಯೇ. ಅವರು ಮಗನನ್ನು ಬೆರ್ಗಮೊದ ಕರಾರಾ ಅಕಾಡೆಮಿಗೆ ಸೇರಿಸಿದರು. ಅಲ್ಲಿ ಎನ್ರಿಕೊ ಸ್ಕೂರಿ ಎಂಬ ಗುರುವಿನ ಕೈಕೆಳಗೆ ಅಭ್ಯಾಸ. ಬಳಿಕ ರೋಮಿಗೆ ಹೋಗಿ ವ್ಯಾಟಿಕನ್ನಿನ ಮಹಾಕೃತಿಗಳ ಎದುರು ನಿಂತು ಕಲಿತದ್ದಾಯಿತು. ಊರ ಸುತ್ತಿನ ಚರ್ಚುಗಳಲ್ಲಿ ಗೋಡೆ ಚಿತ್ರದ ಕೆಲಸ ಸಿಗತೊಡಗಿತು, ಹೆಸರೂ ಬಂತು. ಇನ್ನೇನು, ಒಬ್ಬ ಯಶಸ್ವಿ ಕಲಾವಿದನ ಬದುಕು ಸಾಗುತ್ತದೆ ಎನ್ನುವಾಗ 1889ರಲ್ಲಿ, ತಮ್ಮ ಮೂವತ್ತೈದನೆಯ ವಯಸ್ಸಿನಲ್ಲಿ ಅವರು ಯೇಸುಸಭೆಯನ್ನು ಸೇರಿದರು. ಪಾದ್ರಿಯಾಗಿ ಅಲ್ಲ, 'ಬ್ರದರ್' ಆಗಿ. ಪೂಜೆ ನಡೆಸುವ, ಪ್ರವಚನ ಕೊಡುವ ಅಧಿಕಾರ ಬ್ರದರ್‌ಗಳಿಗಿಲ್ಲ. ಅಡುಗೆ, ಬಡಗಿ ಕೆಲಸ, ತೋಟ, ಕಟ್ಟಡ ಹೀಗೆ ಕೈಕೆಲಸದ ಮೂಲಕ ಸಭೆಗೆ ನೆರವಾಗುವವರು ಅವರು. ಮೊಸ್ಕೇನಿಯವರ ಪಾಲಿಗೆ ಬಂದ ಕೈಕೆಲಸ ಕುಂಚ. ಎಲ್ಲಿ ಚಿತ್ರ ಬೇಕೋ ಅಲ್ಲಿಗೆ ಕಳುಹಿಸುತ್ತಾರೆ, ಅವರು ಹೋಗುತ್ತಾರೆ. ಚಿತ್ರದ ಮೂಲೆಯಲ್ಲಿ ಹೆಸರು ಬರೆದು ಬೆಲೆ ಕಟ್ಟುವ ಪ್ರಶ್ನೆಯೇ ಇಲ್ಲ.

ಅವರನ್ನು ಮಂಗಳೂರಿಗೇ ಏಕೆ ಕಳುಹಿಸಿದರು? 1878ರ ಡಿಸೆಂಬರ್ 31ರಂದು ಇಟಲಿಯಿಂದ ಬಂದ ಯೇಸುಸಭೆಯ ತಂಡವೊಂದು ಇಲ್ಲಿ ಕಾಲಿಟ್ಟಿತ್ತು. 1880ರಲ್ಲಿ ಅವರು ಕಾಲೇಜು ತೆರೆದರು. ಆ ಕಾಲೇಜು 2024ರಲ್ಲಿ ಪರಿಗಣಿತ ವಿಶ್ವವಿದ್ಯಾಲಯವಾಯಿತು. 1880ರ ದಶಕದಲ್ಲೇ ಚಾಪೆಲ್ ಎದ್ದು ನಿಂತಿತು. ಅಂದಿನ ಮಂಗಳೂರು ಒಂದು ವಿಚಿತ್ರ ಊರು. ಒಂದು ಕಡೆ ಬಾಸೆಲ್ ಮಿಷನ್ನಿನ ಜರ್ಮನರು ಹಂಚು ಸುಡುತ್ತಿದ್ದರು, ಬಟ್ಟೆ ನೇಯಿಸುತ್ತಿದ್ದರು, ಕಿಟ್ಟೆಲ್ ಅವರ ಕನ್ನಡ ನಿಘಂಟನ್ನು 1894ರಲ್ಲಿ ಅಚ್ಚು ಹಾಕಿದರು. ಇನ್ನೊಂದು ಕಡೆ ಈ ಇಟಾಲಿಯನ್ನರು. ಇವರಲ್ಲೊಬ್ಬರಾದ ಮಾಫೆಯಿ ಕೊಂಕಣಿಗೆ ವ್ಯಾಕರಣ ಬರೆದರು, ನಿಘಂಟು ಮಾಡಿದರು. ಅದನ್ನು ಅಚ್ಚು ಹಾಕಿದ್ದು ಪ್ರಾಟೆಸ್ಟೆಂಟ್ ಜರ್ಮನರ ಅದೇ ಬಾಸೆಲ್ ಮಿಷನ್ ಮುದ್ರಣಾಲಯ! ಧರ್ಮದಲ್ಲಿ ಸ್ಪರ್ಧೆ ಇದ್ದರೂ ಅಚ್ಚುಮೊಳೆಯಲ್ಲಿ ಇರಲಿಲ್ಲ.

ಮೊಸ್ಕೇನಿ ಬಂದಾಗ ಮಂಗಳೂರಿಗೆ ರೈಲು ಇರಲಿಲ್ಲ. ಅದು ಬಂದದ್ದು 1907ರಲ್ಲಿ. ವಿದ್ಯುತ್ ದೀಪವೂ ಇರಲಿಲ್ಲ. ಹಾಗಾಗಿ ನೀವು ನೋಡುತ್ತಿರುವ ಈ ಛಾವಣಿ ಕಿಟಕಿಯಿಂದ ಬರುವ ಹಗಲಿನ ಬೆಳಕನ್ನು ನಂಬಿ ಮಾಡಿದ ಕೆಲಸ. ಅಟ್ಟಣಿಗೆ ಕಟ್ಟಿ, ಅದರ ಮೇಲೆ ಹತ್ತಿ, ಮುಖ ಮೇಲೆ ಮಾಡಿ ಬಿಡಿಸಬೇಕು. ನಾವೇ ನಮ್ಮ ಮನೆಯ ಫ್ಯಾನಿನ ಧೂಳು ಒರೆಸಲು ಐದು ನಿಮಿಷ ಕೈ ಎತ್ತಿದರೆ ರಟ್ಟೆ ಹಿಡಿದುಕೊಳ್ಳುತ್ತದೆ. ಎರಡೂವರೆ ವರ್ಷವೆಂದರೆ ಕಡಿಮೆಯೆಂದರೂ ಎರಡು ಮಳೆಗಾಲ. ನಮ್ಮ ಮಳೆಗಾಲವೆಂದರೆ ಗೊತ್ತಲ್ಲ, ಬಟ್ಟೆ ಒಣಗದು, ಬೆಂಕಿಪೆಟ್ಟಿಗೆ ಹೊತ್ತದು, ಚರ್ಮದ ಚೀಲದ ಮೇಲೆ ಬೂಸ್ಟು ಬೆಳೆಯುತ್ತದೆ.

ಈಗ ಸ್ವಲ್ಪ ರಸಾಯನಶಾಸ್ತ್ರ. ವಿದ್ಯಾರ್ಥಿಗಳು ಪುಟ ತಿರುಗಿಸಬಾರದು.

ಇಲ್ಲಿನ ಕೆಲವು ಚಿತ್ರಗಳು ಕ್ಯಾನ್ವಾಸಿನ ಮೇಲೆ ಬಿಡಿಸಿದ ತೈಲವರ್ಣದವು. ಹೆಚ್ಚಿನ ಭಾಗ 'ಫ್ರೆಸ್ಕೊ'. ಇಟಾಲಿಯನ್ ಭಾಷೆಯಲ್ಲಿ ಈ ಮಾತಿಗೆ 'ತಾಜಾ' ಎಂದು ಅರ್ಥ. ಗೋಡೆಗೆ ಹಚ್ಚಿದ ಸುಣ್ಣದ ಗಾರೆ ಹಸಿಯಾಗಿರುವಾಗಲೇ ನೀರಿನಲ್ಲಿ ಕಲಸಿದ ಬಣ್ಣವನ್ನು ಅದರ ಮೇಲೆ ಹಚ್ಚುವುದು ಇದರ ಕ್ರಮ. ಅಂಟು ಬೇಡ, ಎಣ್ಣೆ ಬೇಡ. ಹಾಗಾದರೆ ಬಣ್ಣ ಹಿಡಿಯುವುದು ಹೇಗೆ? ಹೈಸ್ಕೂಲಿನಲ್ಲಿ ಮಾಡಿದ ಪ್ರಯೋಗ ನೆನಪಿಸಿಕೊಳ್ಳಿ. ಪ್ರನಾಳದಲ್ಲಿ ಸುಣ್ಣದ ತಿಳಿನೀರು ತೆಗೆದುಕೊಂಡು ಕೊಳವೆಯಿಂದ ಊದುತ್ತೇವೆ. ನೀರು ಹಾಲಿನಂತೆ ಬೆಳ್ಳಗಾಗುತ್ತದೆ. ನಮ್ಮ ಉಸಿರಿನ ಕಾರ್ಬನ್ ಡೈಆಕ್ಸೈಡ್ ಸುಣ್ಣದ ಕ್ಯಾಲ್ಸಿಯಂ ಹೈಡ್ರಾಕ್ಸೈಡಿನೊಡನೆ ಸೇರಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುವುದರಿಂದ ಹೀಗಾಗುತ್ತದೆ. ಗೋಡೆಯ ಮೇಲೆ ನಡೆಯುವುದೂ ಇದೇ, ಆದರೆ ನಿಧಾನವಾಗಿ. ಗಾಳಿಯಲ್ಲಿರುವ ಕಾರ್ಬನ್ ಡೈಆಕ್ಸೈಡ್ ಹೀರಿಕೊಂಡ ಗಾರೆ ಮತ್ತೆ ಸುಣ್ಣಕಲ್ಲಾಗುತ್ತದೆ. ಅಮೃತಶಿಲೆಯ ರಾಸಾಯನಿಕ ಸೂತ್ರವೂ ಅದೇ. ಬಣ್ಣದ ಕಣಗಳು ಆ ಹರಳುಗಳ ನಡುವೆ ಸಿಕ್ಕಿಬೀಳುತ್ತವೆ. ಗೋಡೆಗೆ ಬಳಿದ ಬಣ್ಣ ಗೋಡೆಯ ಅಂಗವೇ ಆಗಿಬಿಡುತ್ತದೆ. ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಬರೆದು ಮರೆಯುವ ಸಮೀಕರಣ ಇಲ್ಲಿ ತಲೆಯ ಮೇಲೆ ಹರಡಿಕೊಂಡಿದೆ.

ಇದರಲ್ಲಿ ಒಂದು ತೊಡಕಿದೆ. ಗಾರೆ ಒಣಗಿದರೆ ಆಟ ಮುಗಿಯಿತು, ಮೇಲೆ ಹಚ್ಚಿದ ಬಣ್ಣ ಹಿಡಿಯದು. ಆದ್ದರಿಂದ ಫ್ರೆಸ್ಕೊ ಕಲಾವಿದ ಒಂದು ದಿನದಲ್ಲಿ ಮುಗಿಸಬಲ್ಲಷ್ಟು ಜಾಗಕ್ಕೆ ಮಾತ್ರ ಕೊನೆಯ ಪದರ ಗಾರೆ ಹಾಕಿಸುತ್ತಾನೆ. ಈ ಒಂದು ದಿನದ ತುಂಡಿಗೆ ಇಟಲಿಯಲ್ಲಿ 'ಜೊರ್ನಾತಾ' ಎನ್ನುತ್ತಾರೆ. ಒಂದು ಮುಖ ಒಂದು ದಿನದ ಕೆಲಸವಾಗಬಹುದು, ನಾಲ್ಕಾರು ಗಜ ಆಕಾಶವೂ ಒಂದೇ ದಿನದ್ದಾಗಬಹುದು. ತಪ್ಪಿದರೆ ಅಳಿಸುವ ರಬ್ಬರ್ ಇಲ್ಲ, ಗಾರೆಯನ್ನೇ ಕೆತ್ತಿ ತೆಗೆದು ಹೊಸದಾಗಿ ಹಾಕಬೇಕು. ಹಾಗಾಗಿ ಈ ಪದ್ಧತಿಯಲ್ಲಿ ಮೊದಲೇ ದೊಡ್ಡ ಕಾಗದದಲ್ಲಿ ಚಿತ್ರ ಬರೆದು, ಗೆರೆಯ ಉದ್ದಕ್ಕೂ ಸೂಜಿಯಿಂದ ತೂತು ಮಾಡಿ, ಗೋಡೆಗೆ ಹಿಡಿದು ಇದ್ದಿಲ ಪುಡಿಯನ್ನು ತಟ್ಟುವುದುಂಟು. ನಮ್ಮ ಮನೆಗಳಲ್ಲಿ ತೂತಿನ ಅಚ್ಚು ಇಟ್ಟು ರಂಗೋಲಿ ಪುಡಿ ಉದುರಿಸುವಂತೆಯೇ.

ಇನ್ನೊಂದು ತೊಡಕು ಬಣ್ಣಗಳದ್ದು. ಸುಣ್ಣ ಪ್ರಬಲ ಪ್ರತ್ಯಾಮ್ಲ. ಅರಶಿನಕ್ಕೆ ಸುಣ್ಣ ತಾಗಿದರೆ ಕೆಂಪಾಗುತ್ತದೆಂದು ಓಕುಳಿ ಕಲಸುವ ಎಲ್ಲರಿಗೂ ಗೊತ್ತು. ಹೀಗೆ ಸುಣ್ಣದ ಜೊತೆ ಜಗಳವಾಡುವ ಬಣ್ಣ ಗೋಡೆಗೆ ಆಗದು. ಪ್ರಷ್ಯನ್ ಬ್ಲೂ ಎಂಬ ಸೊಗಸಾದ ನೀಲಿಯೂ ಸುಣ್ಣದ ಮೇಲೆ ಕೆಟ್ಟು ಕಂದಾಗುತ್ತದೆ. ಸೀಸದ ಬಿಳಿ ಕಾಲಕ್ರಮೇಣ ಕಪ್ಪಾಗುತ್ತದೆ. ಬಿಳಿಗೆ ಸುಣ್ಣವೇ ಗತಿ. ಉಳಿಯುವುದು ಮಣ್ಣಿನ, ಖನಿಜದ ಬಣ್ಣಗಳು. ಅವುಗಳಲ್ಲಿ ಕೆಂಪು, ಹಳದಿ, ಕಂದು ಬಣ್ಣಗಳ ಮೂಲ ಹೆಚ್ಚಾಗಿ ಕಬ್ಬಿಣದ ಆಕ್ಸೈಡುಗಳು. ನಮ್ಮ ಮುರಕಲ್ಲಿನ ಕೆಂಪಿಗೂ ಅದೇ ಕಾರಣ. ಸಂತರ ಕೆಂಪು ನಿಲುವಂಗಿ ನೋಡುವಾಗ ನನಗೆ ಒಮ್ಮೊಮ್ಮೆ ಬಂಟ್ವಾಳದ ಕಲ್ಲುಕೋರೆ ನೆನಪಾಗುವುದುಂಟು. ಭಕ್ತರು ಕ್ಷಮಿಸಬೇಕು.

ಹಸಿ ಸುಣ್ಣದ ಮೇಲಿನ ಚಿತ್ರ ನಮ್ಮ ಕರಾವಳಿಗೆ ತೀರಾ ಹೊಸದೂ ಅಲ್ಲ. ಉತ್ತರ ಕನ್ನಡ, ಗೋವಾಗಳ ಹಳೆಯ ದೇವಸ್ಥಾನಗಳಲ್ಲಿ 'ಕಾವಿ ಕಲೆ' ಇದೆ. ಸುಣ್ಣದ ಗಾರೆ, ಅದರ ಮೇಲೆ ಕೆಮ್ಮಣ್ಣಿನ ಪದರ. ಅದು ಹಸಿಯಾಗಿರುವಾಗಲೇ ಕೆಂಪನ್ನು ಕೆರೆದು ತೆಗೆದರೆ ಒಳಗಿನ ಬಿಳಿ ಕಾಣಿಸಿ ಚಿತ್ರವಾಗುತ್ತದೆ. ಚಿಪ್ಪು ಸುಟ್ಟು ಸುಣ್ಣ ಮಾಡುವ ವಿದ್ಯೆ ನದಿದಂಡೆಯ ನಮ್ಮವರಿಗೆ ತಲೆತಲಾಂತರದಿಂದ ಗೊತ್ತು. ಇಟಲಿಯ ವಿದ್ಯೆ, ಕರಾವಳಿಯ ವಿದ್ಯೆ ಎರಡೂ ಒಂದೇ ರಾಸಾಯನಿಕ ಕ್ರಿಯೆಯನ್ನು ಬೇರೆ ಬೇರೆ ದಾರಿಯಿಂದ ಕಂಡುಕೊಂಡಿವೆ. ಕಾವಿ ಚಿತ್ರಗಳಲ್ಲಿ ಎಷ್ಟೋ ಜೀರ್ಣೋದ್ಧಾರದ ಹೆಸರಿನಲ್ಲಿ ಎನಾಮಲ್ ಪೇಂಟಿನಡಿ ಸೇರಿಹೋದವು ಎಂಬುದು ಬೇರೆ ಸಂಕಟ.

ಛಾವಣಿಯ ನಡುವಿನ ಸಾಲಿನಲ್ಲಿರುವುದು ಅಲೋಶಿಯಸ್ ಗೊನ್ಸಾಗನ ಕಥೆ. ಅದರ ಇಳಿಜಾರಿನ ಮೇಲ್ಭಾಗದಲ್ಲಿ ಯೇಸುವಿನ ಶಿಷ್ಯರು, ಕೆಳಗೆ ಸಂತರು, ನಡುನಡುವೆ ಹೂಮಾಲೆಗಳು. ಪಕ್ಕದ ಗೋಡೆಗಳಲ್ಲಿ ಯೇಸುವಿನ ಜೀವನದ ಸನ್ನಿವೇಶಗಳು. ಇವನ್ನೆಲ್ಲ ವಿವರಿಸಲು ಹೋದರೆ ಇದು ಮಾರ್ಗದರ್ಶಿ ಪುಸ್ತಕವಾದೀತು. ಅಲೋಶಿಯಸನ ಬಗ್ಗೆ ಮಾತ್ರ ಹೇಳುತ್ತೇನೆ, ಅವನು ವಿದ್ಯಾರ್ಥಿಗಳ ಪ್ರಾಯದವನು. 1568ರಲ್ಲಿ ಕ್ಯಾಸ್ತಿಲ್ಯೋನೆ ಎಂಬ ಸಣ್ಣ ಸಂಸ್ಥಾನದ ಅರಸುಮನೆಯಲ್ಲಿ ಹಿರಿಯ ಮಗನಾಗಿ ಹುಟ್ಟಿದ. ಮಗ ಸೇನಾನಿಯಾಗಬೇಕೆಂದು ತಂದೆಯ ಆಸೆ. ಮಗನ ಹಟ ಬೇರೆ. 1585ರಲ್ಲಿ ಉತ್ತರಾಧಿಕಾರವನ್ನು ತಮ್ಮನಿಗೆ ಬರೆದುಕೊಟ್ಟು ರೋಮಿನಲ್ಲಿ ಯೇಸುಸಭೆ ಸೇರಿದ. 1591ರಲ್ಲಿ ರೋಮಿಗೆ ಮಾರಿಬೇನೆ ಬಡಿಯಿತು. ಅದು ಪ್ಲೇಗ್ ಎಂದೇ ಸಂಪ್ರದಾಯ ಹೇಳುತ್ತದೆ. ಬೀದಿಯಲ್ಲಿ ಬಿದ್ದ ರೋಗಿಗಳನ್ನು ಎತ್ತಿ ತಂದು ಆರೈಕೆ ಮಾಡಿದ ಅಲೋಶಿಯಸ್ ತಾನೂ ಹಾಸಿಗೆ ಹಿಡಿದು, ಜೂನ್ 21ರಂದು ತೀರಿಕೊಂಡ. ಆಗ ಅವನಿಗೆ ಇಪ್ಪತ್ತಮೂರು ವರ್ಷ.

ರೋಗಿಗಳ ಸೇವೆಯ ಆ ಚಿತ್ರವನ್ನು ಇಲ್ಲಿ ಬಿಡಿಸುವ ಹೊತ್ತಿಗೆ ನಮ್ಮ ದೇಶದಲ್ಲಿ ಏನು ನಡೆಯುತ್ತಿತ್ತು? 1896ರಲ್ಲಿ ಮುಂಬೈಗೆ ಪ್ಲೇಗ್ ಬಂದಿತ್ತು. 1898ರಲ್ಲಿ ಅದು ಬೆಂಗಳೂರನ್ನು ಹೊಕ್ಕು ಜನರನ್ನು ಊರು ಬಿಡಿಸಿತ್ತು. 'ಪ್ಲೇಗ್ ಮಾರಿಯಮ್ಮ'ನ ಗುಡಿಗಳು ಎದ್ದ ಕಾಲ ಅದು. ವಿಜ್ಞಾನಿಗಳೂ ಸುಮ್ಮನಿರಲಿಲ್ಲ. 1894ರಲ್ಲಿ ಹಾಂಗ್‌ಕಾಂಗಿನಲ್ಲಿ ಯೆರ್ಸಿನ್ ಪ್ಲೇಗಿನ ರೋಗಾಣುವನ್ನು ಗುರುತಿಸಿದ್ದ. 1897ರಲ್ಲಿ ಮುಂಬೈಯಲ್ಲಿ ಹಾಫ್‌ಕಿನ್ ತಾನು ತಯಾರಿಸಿದ ಲಸಿಕೆಯನ್ನು ಮೊದಲು ತನ್ನ ಮೈಗೇ ಚುಚ್ಚಿಕೊಂಡ. 1898ರಲ್ಲಿ ಕರಾಚಿಯಲ್ಲಿ ಸಿಮೊಂಡ್ ಎಂಬ ಫ್ರೆಂಚ್ ವೈದ್ಯ ಇಲಿಯ ಚಿಗಟದಿಂದ ರೋಗ ಹರಡುತ್ತದೆ ಎಂದು ತೋರಿಸಿಕೊಟ್ಟ, ಆಗ ಹೆಚ್ಚಿನವರು ಅದನ್ನು ನಂಬಲಿಲ್ಲ. ಇದಾದ ಮರುವರ್ಷ ಮೊಸ್ಕೇನಿ ಇಲ್ಲಿ ಕುಂಚ ಹಿಡಿದರು. ಈ ಚಿತ್ರಗಳ ಕೆಳಗೆ ಕುಳಿತು ಪ್ರಾರ್ಥಿಸಿದ ಮೊದಲ ತಲೆಮಾರಿನ ಹುಡುಗರಿಗೆ ಪ್ಲೇಗ್ ಎಂಬುದು ಮುನ್ನೂರು ವರ್ಷ ಹಿಂದಿನ ರೋಮಿನ ಕಥೆಯಾಗಿರಲಿಲ್ಲ. 2020ರ ನಂತರ ನಮಗೂ ಅದು ದೂರದ್ದಾಗಿ ಕಾಣುವುದಿಲ್ಲ.

ಮಂಗಳೂರಿನ ಈ ಚಾಪೆಲನ್ನು 'ಭಾರತದ ಸಿಸ್ಟೀನ್ ಚಾಪೆಲ್' ಎಂದು ಕರೆಯುವ ರೂಢಿ ಇದೆ. ನನಗೆ ಇದು ಅಷ್ಟು ಹಿಡಿಸದು. ಮೈಕೆಲೇಂಜಲೊನ ಜೊತೆ ಹೋಲಿಸಿದರೆ ಯಾರು ತಾನೇ ಕುಳ್ಳಾಗುವುದಿಲ್ಲ? ಮೊಸ್ಕೇನಿ ಯುಗಪ್ರವರ್ತಕರಲ್ಲ. ತಮ್ಮ ಕಾಲದ ಅಕಾಡೆಮಿ ಶೈಲಿಯಲ್ಲಿ ಅಚ್ಚುಕಟ್ಟಾಗಿ ಪಳಗಿದ, ಕೈ ನಡುಗದ ಕಸುಬುದಾರರು. ಅವರ ಮೇಲ್ಮೆ ಇರುವುದು ಬೆಳಕಿನ ಲೆಕ್ಕಾಚಾರದಲ್ಲಿ ಎಂದು ನನ್ನ ಎಣಿಕೆ. ಚಪ್ಪಟೆ ಗೋಡೆ ಉಬ್ಬಿದಂತೆ ಕಾಣಬೇಕಾದರೆ ಬೆಳಕು ಯಾವ ಕಡೆಯಿಂದ ಬೀಳುತ್ತದೆ, ನೆರಳು ಎಲ್ಲಿ ಮುಗಿಯುತ್ತದೆ ಎಂಬುದು ಉದ್ದಕ್ಕೂ ಒಂದೇ ಸಮನಾಗಿರಬೇಕು. ಮಕ್ಕಳನ್ನು ಕರೆದುಕೊಂಡು ಹೋದಾಗಲೆಲ್ಲ "ಸರ್, ಇದು ಪೇಂಟಾ, ಕೆತ್ತಿದ್ದಾ?" ಎಂಬ ಪ್ರಶ್ನೆ ಬಂದೇ ಬರುತ್ತದೆ. ಆ ಪ್ರಶ್ನೆಯೇ ಕಲಾವಿದನಿಗೆ ಕೊಟ್ಟ ಅಂಕ.

ಆ ಹೊತ್ತಿಗಾಗಲೇ ಚಿತ್ರಗಳು ಚಲಿಸತೊಡಗಿದ್ದವು. ಲೂಮಿಯೇರ್ ಸಹೋದರರು 1895ರ ಡಿಸೆಂಬರಿನಲ್ಲಿ ಪ್ಯಾರಿಸ್ಸಿನಲ್ಲಿ ತೋರಿಸಿದ ಸಿನಿಮಾ 1896ರ ಜುಲೈ 7ರಂದು ಮುಂಬೈಯ ವಾಟ್ಸನ್ ಹೋಟೆಲಿಗೆ ಬಂದಿತ್ತು. ಗೋಡೆ ಚಿತ್ರಗಾರನ ಕಸುಬು ಕ್ಯಾಮೆರಾದವನ ಕೈಗೆ ಹೋಗುವ ಸಂಧಿಕಾಲ ಅದು. ಆದರೆ ಕ್ಯಾಮೆರಾದವರು ಕಲಿತದ್ದು ಗೋಡೆಯವರಿಂದಲೇ. 'ಅಪೊಕ್ಯಾಲಿಪ್ಸ್ ನೌ', 'ರೆಡ್ಸ್', 'ದಿ ಲಾಸ್ಟ್ ಎಂಪರರ್' ಚಿತ್ರಗಳಿಗೆ ಮೂರು ಆಸ್ಕರ್ ಪಡೆದ ಇಟಲಿಯ ಛಾಯಾಗ್ರಾಹಕ ವಿಟ್ಟೋರಿಯೊ ಸ್ಟೊರಾರೊ, ರೋಮಿನ ಒಂದು ಚರ್ಚಿನಲ್ಲಿ ಕಾರವಾಜ್ಜೊನ ಚಿತ್ರ ನೋಡಿದ್ದೇ ತನಗೆ ಬೆಳಕು ನೆರಳಿನ ದೊಡ್ಡ ಪಾಠವಾಯಿತು ಎಂದು ಹೇಳಿಕೊಂಡವರು. ಆ ಕಾರವಾಜ್ಜೊ ಬಾಲ್ಯ ಕಳೆದು, ಹೆಸರನ್ನೂ ಪಡೆದ ಊರು ಇರುವುದು ಮೊಸ್ಕೇನಿ ಹುಟ್ಟಿದ ಬೆರ್ಗಮೊ ಪ್ರಾಂತ್ಯದಲ್ಲಿ. ದೂರ ಏಕೆ, ನಮ್ಮ ಮೈಸೂರಿನ ವಿ. ಕೆ. ಮೂರ್ತಿ ಇಲ್ಲವೇ? 1959ರ 'ಕಾಗಜ್ ಕೆ ಫೂಲ್' ಚಿತ್ರದಲ್ಲಿ ಮೇಲಿನಿಂದ ಇಳಿಯುವ ಬೆಳಕಿನ ಕೋಲನ್ನು ಅವರು ಮೂಡಿಸಿದ್ದು ದೊಡ್ಡ ದೀಪಗಳಿಂದಲ್ಲ, ಕನ್ನಡಿಗಳಿಂದ ಸ್ಟುಡಿಯೊದೊಳಕ್ಕೆ ತಂದ ಬಿಸಿಲಿನಿಂದ. ಪತನಕೋನ, ಪ್ರತಿಫಲನಕೋನ ಸಮ ಎಂಬ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. 2008ರ ಸಾಲಿನ ಫಾಲ್ಕೆ ಪ್ರಶಸ್ತಿ ಅವರಿಗೆ ಬಂತು. ಒಬ್ಬ ಛಾಯಾಗ್ರಾಹಕನಿಗೆ ಅದು ಸಿಕ್ಕಿದ್ದು ಅದೇ ಮೊದಲು.

ಪಾಲಕರಿಗೆ ಒಂದು ಮಾತು. ಕೆಲವು ವರ್ಷಗಳ ಹಿಂದೆ ನಮ್ಮ ಶಾಲೆಯಲ್ಲಿ ಒಬ್ಬ ಹುಡುಗಿ ಇದ್ದಳು. ಅವಳ ಜೀವಶಾಸ್ತ್ರದ ರೆಕಾರ್ಡ್ ಪುಸ್ತಕದಲ್ಲಿ ದಾಸವಾಳದ ಸೀಳುನೋಟ ನೋಡಿದರೆ ಪಠ್ಯಪುಸ್ತಕದ್ದು ಸಪ್ಪೆ ಎನಿಸುತ್ತಿತ್ತು. ಪಾಲಕರ ಸಭೆಗೆ ಬಂದ ಅಪ್ಪನಿಗೆ ಇದನ್ನು ಹೇಳಿದೆ. ಅವರು ಗಾರೆ ಕೆಲಸದ ಮೇಸ್ತ್ರಿ. "ಮಾಷ್ಟ್ರೇ, ಚಿತ್ರ ಬಿಡಿಸಿ ಹೊಟ್ಟೆ ತುಂಬ್ತದಾ?" ಎಂದರು. ಕೇಳಿದ್ದರಲ್ಲಿ ತಪ್ಪೇನಿಲ್ಲ, ಇಬ್ಬರು ಮಕ್ಕಳನ್ನು ದಿನಗೂಲಿಯಲ್ಲಿ ಓದಿಸುವವರ ಪ್ರಶ್ನೆ ಅದು. ನನ್ನಲ್ಲೂ ಸಿದ್ಧ ಉತ್ತರ ಇರಲಿಲ್ಲ. ಒಂದು ರಜಾದಿನ ಮಗಳನ್ನು ಕರೆದುಕೊಂಡು ಅಲೋಶಿಯಸ್ ಚಾಪೆಲ್‌ಗೆ ಹೋಗಿ ಬನ್ನಿ ಎಂದೆ. ಹೋಗಿದ್ದರು. ಮುಂದಿನ ಸಲ ಸಿಕ್ಕಾಗ ಅವರು ಚಿತ್ರದ ಬಗ್ಗೆ ಒಂದು ಮಾತೂ ಆಡಲಿಲ್ಲ. "ಮಾಷ್ಟ್ರೇ, ಅಷ್ಟು ಹಳೇ ಗಾರೆ ಬಿಡದೆ ನಿಂತದ್ದು ಹೇಗೆ? ಸಿಮೆಂಟಾದ್ರೆ ಇಷ್ಟೊತ್ತಿಗೆ ಹಾರಿ ಹೋಗ್ತಿತ್ತು" ಎಂದರು. ಅರ್ಧ ಗಂಟೆ ಸುಣ್ಣದ ಬಗ್ಗೆ ಮಾತಾಡಿದೆವು. ಅವರಿಂದ ನಾನು ಕಲಿತದ್ದೇ ಹೆಚ್ಚು. ಹುಡುಗಿ ಪಿಯುಸಿಯಲ್ಲಿ ವಿಜ್ಞಾನವನ್ನೇ ತೆಗೆದುಕೊಂಡಳು. ಡ್ರಾಯಿಂಗಿನ ಹೈಯರ್ ಗ್ರೇಡ್ ಪರೀಕ್ಷೆಯನ್ನೂ ಕಟ್ಟಿದಳು. ಅದಕ್ಕೆ ಫೀಸು ಕೊಟ್ಟವರು ಅಪ್ಪನೇ.

ಗಾರೆ ಬಿಡದೆ ನಿಂತದ್ದು ತನ್ನಷ್ಟಕ್ಕೆ ಅಲ್ಲ ಎಂಬುದನ್ನೂ ಹೇಳಬೇಕು. ಸುಣ್ಣದ ಚಿತ್ರಕ್ಕೆ ದೊಡ್ಡ ಶತ್ರು ನೀರು. ಮುರಕಲ್ಲಿನ ಗೋಡೆಯಲ್ಲಿ ಸೂಕ್ಷ್ಮ ರಂಧ್ರಗಳಿವೆ, ಬತ್ತಿಯಲ್ಲಿ ಎಣ್ಣೆ ಏರುವಂತೆ ತೇವ ಏರುತ್ತದೆ. ಹಂಚು ಒಡೆದರೆ ಮೇಲಿನಿಂದಲೂ ಇಳಿಯುತ್ತದೆ. ನೀರು ತನ್ನ ಜೊತೆ ಉಪ್ಪನ್ನು ತರುತ್ತದೆ. ನೀರು ಆರಿದಾಗ ಉಪ್ಪು ಗಾರೆಯ ಒಳಗೇ ಹರಳುಗಟ್ಟಿ, ಹಿಗ್ಗಿ, ಬಣ್ಣದ ಪದರವನ್ನು ಹೊರಕ್ಕೆ ದೂಡುತ್ತದೆ. ಕಡಲ ಗಾಳಿಯ ಊರಿನಲ್ಲಿ ಉಪ್ಪಿಗೆ ಬರವಿಲ್ಲ. ಇದರ ಮೇಲೆ ಧೂಳು, ಮೇಣದಬತ್ತಿಯ ಹೊಗೆ, ಬೂಸ್ಟು. ಹೀಗೆ ತೊಂಬತ್ತು ವರ್ಷ ಕಳೆದ ಚಿತ್ರಗಳನ್ನು 1991ರಿಂದ 1994ರ ವರೆಗೆ ಇನ್‌ಟ್ಯಾಕ್ ಸಂಸ್ಥೆಯ ತಜ್ಞರು ಶುಚಿಗೊಳಿಸಿ ಭದ್ರಪಡಿಸಿದರು. ಬಿಡಿಸಲು ಎರಡೂವರೆ ವರ್ಷ, ಉಳಿಸಲು ಅದಕ್ಕಿಂತ ಹೆಚ್ಚು!

ಇಂಥ ಕೆಲಸ ಮಾಡುವವರು ಯಾರು? ರಸಾಯನಶಾಸ್ತ್ರ ಗೊತ್ತಿದ್ದೂ ಕುಂಚ ಹಿಡಿಯಬಲ್ಲವರು. ಲಖ್ನೋದಲ್ಲಿ ಕೇಂದ್ರ ಸರಕಾರದ ಸಂರಕ್ಷಣಾ ಸಂಶೋಧನಾ ಪ್ರಯೋಗಾಲಯ ಇದೆ, ಅದರ ಪ್ರಾದೇಶಿಕ ಶಾಖೆ ನಮ್ಮ ಮೈಸೂರಿನಲ್ಲೇ ಇದೆ. ನೊಯ್ಡಾದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಹೆರಿಟೇಜ್‌ನಲ್ಲಿ ಈ ವಿಷಯದಲ್ಲಿ ಸ್ನಾತಕೋತ್ತರ ವ್ಯಾಸಂಗ ಮಾಡಬಹುದು. ಡಾಕ್ಟರ್, ಎಂಜಿನಿಯರ್ ಎಂಬ ಎರಡೇ ಬಾಗಿಲು ಬಡಿಯುವ ನಮ್ಮ ಜಿಲ್ಲೆಯಲ್ಲಿ ಇದರ ಬಗ್ಗೆ ವಿಚಾರಿಸಿದ ಪಾಲಕರನ್ನು ನಾನು ಇನ್ನೂ ಕಂಡಿಲ್ಲ. ಆ ಮೇಸ್ತ್ರಿಗೆ ಮಾತ್ರ ಒಂದು ಚೀಟಿಯಲ್ಲಿ ಬರೆದುಕೊಟ್ಟಿದ್ದೇನೆ.

ಚಾಪೆಲ್ ನೋಡಲು ಹೋಗುವವರು ಬೆಳಗಿನ ಹೊತ್ತು ಹೋಗುವುದು ಒಳ್ಳೆಯದು. ಪ್ರಾರ್ಥನೆ ನಡೆಯುತ್ತಿದ್ದರೆ ಹೊರಗೆ ಕಾಯಿರಿ, ಅದು ಮ್ಯೂಸಿಯಂ ಅಲ್ಲ, ಪೂಜೆ ನಡೆಯುವ ಜಾಗ. ಮಕ್ಕಳು ಗೋಡೆ ಮುಟ್ಟದಂತೆ ನೋಡಿಕೊಳ್ಳಿ, ಬೆರಳಿನ ಬೆವರಿನಲ್ಲೂ ಉಪ್ಪಿದೆ. ಮ್ಯೂಸಿಯಂ ಬೇಕಿದ್ದರೆ ಅದೂ ಕಾಲೇಜಿನಲ್ಲಿದೆ, 1913ರಲ್ಲಿ ಚಿಯಾಪ್ಪಿ ಎಂಬ ಇನ್ನೊಬ್ಬ ಇಟಾಲಿಯನ್ ಪಾದ್ರಿ ಆರಂಭಿಸಿದ್ದು. ಖನಿಜಗಳ ಸಂಗ್ರಹವನ್ನು ವಿಜ್ಞಾನದ ವಿದ್ಯಾರ್ಥಿಗಳು ಬಿಡಬಾರದು.

ಮೊಸ್ಕೇನಿ ಮಂಗಳೂರಿನಿಂದ ಇಟಲಿಗೆ ಮರಳಲಿಲ್ಲ. ಇಲ್ಲಿನ ಕೆಲಸ ನೋಡಿದವರು ಬೇರೆ ಕಡೆಯಿಂದ ಕರೆದರು. ಕಂಕನಾಡಿಯ ಫಾದರ್ ಮುಲ್ಲರ್ ಆಸ್ಪತ್ರೆಯ ಚಾಪೆಲ್, ಜೆಪ್ಪುವಿನ ಸೆಮಿನರಿ, ಮುಂಬೈಯ ಹೋಲಿ ನೇಮ್ ಕೆಥೆಡ್ರಲ್ ಹೀಗೆ ಅಟ್ಟಣಿಗೆಯಿಂದ ಅಟ್ಟಣಿಗೆಗೆ ಬದುಕು ಸಾಗಿತು. ಕೊನೆಯ ಕೆಲಸ ಫೋರ್ಟ್ ಕೊಚ್ಚಿಯ ಸಾಂತಾಕ್ರೂಸ್ ಕೆಥೆಡ್ರಲ್. ಅಲ್ಲಿ ಅವರ ಜೊತೆ ಕೆಲಸ ಮಾಡಿದವರು ಅವರ ಶಿಷ್ಯ, ಮಂಗಳೂರಿನ ಡಿ'ಗಾಮಾ. ನಮ್ಮೂರಿನವರೊಬ್ಬರು ಆ ಗುರುವಿನ ಪಕ್ಕದಲ್ಲಿ ನಿಂತು ವಿದ್ಯೆ ಕಲಿತು, ಅಷ್ಟು ದೂರ ಹೋಗಿ ಕುಂಚ ಹಿಡಿದಿದ್ದರು ಎಂಬುದು ಮಂಗಳೂರಿನಲ್ಲಿ ಎಷ್ಟು ಮಂದಿಗೆ ಗೊತ್ತು? ಗುರುವಿನ ಹೆಸರನ್ನೇ ಮರೆತವರು ಶಿಷ್ಯನನ್ನು ನೆನಪಿಟ್ಟೇವೆಯೇ! ಲಿಯೊನಾರ್ಡೊನ 'ಕೊನೆಯ ಭೋಜನ'ವನ್ನು ಮಾದರಿಯಾಗಿಟ್ಟುಕೊಂಡು ಬಿಡಿಸಿದ ದೊಡ್ಡ ಚಿತ್ರವೂ ಸೇರಿ ಯೇಸುವಿನ ಅಂತಿಮ ದಿನಗಳ ಚಿತ್ರಗಳು ಅಲ್ಲಿವೆ. ಕೊಚ್ಚಿಗೆ ಪ್ರವಾಸ ಹೋಗುವ ಶಾಲೆಗಳು ಚೀನೀ ಬಲೆ ನೋಡಿ ಹಿಂದಿರುಗುತ್ತವೆ. 1557ರಲ್ಲಿ ಸ್ಥಾಪನೆಯಾದ ಕೊಚ್ಚಿ ಧರ್ಮಪ್ರಾಂತ್ಯದ ಈ ದೊಡ್ಡ ದೇವಾಲಯ ಅಲ್ಲಿಂದ ನಡೆದೇ ಹೋಗಬಹುದಾದಷ್ಟು ಹತ್ತಿರ.

ಆ ಕೆಥೆಡ್ರಲ್‌ನ ಪವಿತ್ರೀಕರಣಕ್ಕೆ 1905ರ ನವೆಂಬರ್ 19ನೇ ತಾರೀಕು ಗೊತ್ತಾಗಿತ್ತು. ನವೆಂಬರ್ 15ರಂದು ಮೊಸ್ಕೇನಿ ಕೊಚ್ಚಿಯಲ್ಲಿ ತೀರಿಕೊಂಡರು. ವಯಸ್ಸು ಐವತ್ತೊಂದು. ನಾಲ್ಕು ದಿನಗಳ ನಂತರ, ಗೊತ್ತಾದ ತಾರೀಕಿನಂದೇ, ಅವರು ಬಿಡಿಸಿದ ಚಿತ್ರಗಳ ನಡುವೆ ಪವಿತ್ರೀಕರಣ ನಡೆಯಿತು.